ಟಿಕ್ ಬಾಕ್ಸುಗಳಲ್ಲಿ ಅಡಗಿದ್ದ ಬಿಲ್ಡ್ ಅನ್ನು ಮೇಕ್‌ಫೈಲಿಗೆ ತಂದದ್ದು

ಎಲ್ಲ ಶುರುವಾಗಿದ್ದು ಒಂದು ಓಕೆ ಬಟನ್ನಿನಿಂದ.

ಐಡಿಇ (ಕೋಡ್ ಬರೆದು, ಬಿಲ್ಡ್ ಮಾಡುವ ಸಾಫ್ಟ್‌ವೇರ್) ಹೊಸ ಆವೃತ್ತಿ ಹಾಕಿಕೊಂಡು ಹಳೆಯ ಫರ್ಮ್‌ವೇರ್ (ಚಿಪ್ಪಿನೊಳಗೆ ಓಡುವ ಪ್ರೋಗ್ರಾಂ) ಪ್ರಾಜೆಕ್ಟ್ ತೆರೆದೆ. ಪ್ರಾಜೆಕ್ಟನ್ನು ಹೊಸ ಆವೃತ್ತಿಗೆ ಹೊಂದಿಸಲೇ ಅಂತ ಕೇಳಿತು. ಪೂರ್ತಿ ಓದದೆ ಓಕೆ ಒತ್ತಿದೆ. ಆಮೇಲೆ ಗಿಟ್ ಡಿಫ್ (ಕೋಡಿನ ಇತಿಹಾಸ ಇಡುವ ಗಿಟ್ ತೋರಿಸುವ ವ್ಯತ್ಯಾಸ) ನೋಡಿದರೆ ಒಂದೇ ಫೈಲಿನಲ್ಲಿ ನೂರಾರು ಸಾಲು ಬದಲಾಗಿವೆ. ಅದರ ಹೆಸರು ಡಾಟ್ ಸಿಪ್ರಾಜೆಕ್ಟ್. ಎಕ್ಲಿಪ್ಸ್ ಮೇಲೆ ಕಟ್ಟಿದ ಐಡಿಇಗಳಲ್ಲಿ ಬಿಲ್ಡ್, ಅಂದರೆ ಕೋಡನ್ನು ಚಿಪ್ ಓಡಿಸುವ ಬೈನರಿ ಮಾಡುವ ಕೆಲಸ, ಅದರ ಸೆಟ್ಟಿಂಗ್ ಎಲ್ಲ ಕೂತಿರುವುದು ಅಲ್ಲೇ. ಎಕ್ಸ್‌ಎಂಎಲ್, ಒಂದೊಂದು ಸಾಲಿನ ಕೊನೆಗೂ ಉದ್ದುದ್ದ ಐಡಿ ಸಂಖ್ಯೆ. ಯಾವುದು ನಿಜವಾದ ಬದಲಾವಣೆ, ಯಾವುದು ಬರೀ ಸಂಖ್ಯೆ ಬದಲಾಗಿದ್ದು ಅಂತ ಕಣ್ಣಲ್ಲಿ ನೋಡಿ ಹೇಳುವುದು ಆಗದ ಮಾತು.

ಅದೇ ವಾರ ಜೊತೆಗೆ ಕೆಲಸ ಮಾಡುವವರು ಬಂದು ಕೇಳಿದರು: "ಏನ್ರೀ, ನೀವು ಬಿಲ್ಡ್ ಮಾಡಿದ್ರೆ ಟೆಂಪರೇಚರ್ ಬರತ್ತೆ, ನಾನು ಮಾಡಿದ್ರೆ ಖಾಲಿ ಬರತ್ತೆ. ಕೋಡ್ ಒಂದೇ ತಾನೆ?" ಕೋಡ್ ಒಂದೇ ಆಗಿತ್ತು. ಕಮಿಟ್ (ಗಿಟ್‌ನಲ್ಲಿ ಉಳಿಸಿದ ಆವೃತ್ತಿ) ಕೂಡ ಒಂದೇ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ಸಂಜೆಯೇ ಮೇಕ್‌ಫೈಲ್, ಅಂದರೆ ಹೇಗೆ ಬಿಲ್ಡ್ ಮಾಡಬೇಕು ಅಂತ ಮೇಕ್ ಪ್ರೋಗ್ರಾಂಗೆ ಹೇಳುವ ಟೆಕ್ಸ್ಟ್ ಫೈಲ್, ಬರೆಯಲು ಕೂತೆ.

ಬೋರ್ಡಿನಲ್ಲಿರುವುದು ಎಸ್‌ಟಿಎಂ32ಎಫ್407 ಮೈಕ್ರೋಕಂಟ್ರೋಲರ್ ಚಿಪ್. ಕಾರ್ಟೆಕ್ಸ್ ಎಂ4 ಕೋರ್, 168 ಮೆಗಾಹರ್ಟ್ಸ್. ಒಂದು ಸೆನ್ಸರ್, 16 ಅಕ್ಷರದ ಎರಡು ಸಾಲಿನ ಎಲ್‌ಸಿಡಿ, ಒಂದು ಸೀರಿಯಲ್ ಪೋರ್ಟ್. ದೊಡ್ಡ ಪ್ರಾಜೆಕ್ಟೇನಲ್ಲ. ಕಂಪೈಲರ್ (ಸಿ ಕೋಡನ್ನು ಚಿಪ್ಪಿನ ಭಾಷೆಗೆ ತಿರುಗಿಸುವುದು) ಜಿಸಿಸಿಯೇ, ಐಡಿಇ ಕೂಡ ಒಳಗೆ ಅದನ್ನೇ ಕರೆಯುತ್ತದೆ. ಹಾಗಾಗಿ ಒಂದು ದಿನದ ಕೆಲಸ ಅಂದುಕೊಂಡೆ. ಆರು ದಿನ ಹಿಡಿಯಿತು. ಅಂದ ಹಾಗೆ, ಫ್ಲ್ಯಾಗುಗಳನ್ನು (ಕಮಾಂಡಿಗೆ ಕೊಡುವ ಆಯ್ಕೆಗಳನ್ನು) ಫೋನಿನಲ್ಲಿ ಓದಿ ಹೇಳುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ನೀವೇ ಇಂಗ್ಲಿಷಿಗೆ ಹಾಕಿಕೊಳ್ಳಿ.

ಮೊದಲು ನೋಡಿದ್ದು ಸುಲಭದ ದಾರಿ. ಎಕ್ಲಿಪ್ಸ್‌ಗೆ ಹೆಡ್‌ಲೆಸ್ ಬಿಲ್ಡ್ ಅಂತ ಒಂದಿದೆ. ಕಿಟಕಿ ತೆರೆಯದೆ ಟರ್ಮಿನಲ್‌ನಿಂದಲೇ ಬಿಲ್ಡ್ ಓಡಿಸಬಹುದು. ಆದರೆ ಅದಕ್ಕೆ ಇಡೀ ಐಡಿಇ ಬೇಕು, ವರ್ಕ್‌ಸ್ಪೇಸ್ ಬೇಕು, ಸೆಟ್ಟಿಂಗ್ ಮತ್ತೆ ಅದೇ ಎಕ್ಸ್‌ಎಂಎಲ್‌ನಿಂದಲೇ ಬರುತ್ತದೆ. ಹಾಗೆ ಮಾಡಿದರೆ ಕಾಯಿಲೆ ಹಾಗೇ ಇರುತ್ತದೆ, ಮಂಚ ಮಾತ್ರ ಬದಲಾಗುತ್ತದೆ. ಬಿಟ್ಟೆ.

ಕೆಲಸಕ್ಕೆ ಬಂದದ್ದು ಐಡಿಇಯ ಕನ್ಸೋಲ್ ಕಿಟಕಿ. ಕ್ಲೀನ್ ಮಾಡಿ ಪೂರ್ತಿ ಬಿಲ್ಡ್ ಮಾಡಿದರೆ ಅದು ಓಡಿಸುವ ಪ್ರತಿ ಕಮಾಂಡೂ ಅಲ್ಲಿ ಕಾಣುತ್ತದೆ. ಎಲ್ಲವನ್ನೂ ನಕಲು ಮಾಡಿ ಒಂದು ಟೆಕ್ಸ್ಟ್ ಫೈಲಿಗೆ ಹಾಕಿಕೊಂಡೆ. ಮೈನ್ ಡಾಟ್ ಸಿ ಕಂಪೈಲ್ ಆಗುವ ಸಾಲು ತೆಗೆದು ತುಂಡು ತುಂಡು ಮಾಡಿದೆ. ಮೈನಸ್ ಎಂಸಿಪಿಯು ಈಕ್ವಲ್ಸ್ ಕಾರ್ಟೆಕ್ಸ್ ಎಂ4. ಮೈನಸ್ ಎಂಥಂಬ್. ಫ್ಲೋಟಿಂಗ್ ಪಾಯಿಂಟ್ ಘಟಕಕ್ಕೆ ಎಫ್‌ಪಿವಿ4 ಎಸ್‌ಪಿ ಡಿ16, ಫ್ಲೋಟ್ ಎಬಿಐ ಹಾರ್ಡ್. ಗಾತ್ರ ಕಡಿಮೆ ಮಾಡಲು ಮೈನಸ್ ಓಎಸ್. ಬಳಸದ ಫಂಕ್ಷನ್ನುಗಳನ್ನು ಲಿಂಕರ್ (ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಪ್ರೋಗ್ರಾಂ) ಕಿತ್ತು ಹಾಕಲು ಅನುಕೂಲವಾಗಲಿ ಅಂತ ಎಫ್‌ಫಂಕ್ಷನ್ ಸೆಕ್ಷನ್ಸ್. ಆಮೇಲೆ ಡಿಫೈನ್‌ಗಳು, ಹೆಡರ್ ಫೋಲ್ಡರುಗಳು. ಇದರಲ್ಲಿ ಮಾಯೆ ಮಂತ್ರ ಏನೂ ಇರಲಿಲ್ಲ.

ಮೇಕ್‌ಫೈಲಿನ ಮೊದಲ ರೂಪ ನಲವತ್ತು ಸಾಲು. ಓಡಿಸಿದ ತಕ್ಷಣ ಬಂತು: "ಮಿಸ್ಸಿಂಗ್ ಸೆಪರೇಟರ್. ಸ್ಟಾಪ್." ನನ್ನ ಎಡಿಟರ್ ಟ್ಯಾಬ್ ಜಾಗದಲ್ಲಿ ಸ್ಪೇಸ್ ಹಾಕಿತ್ತು. ಮೇಕ್‌ಗೆ ಕಮಾಂಡ್ ಸಾಲಿನ ಮುಂದೆ ಟ್ಯಾಬೇ ಆಗಬೇಕು. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಇದನ್ನು ಬರೆದಾಗ ಆದ ತೀರ್ಮಾನ ಅದು. ಸರಿ ಮಾಡೋಣ ಅನ್ನುವ ಹೊತ್ತಿಗೆ ಹತ್ತು ಹನ್ನೆರಡು ಜನ ಬಳಸಲು ಶುರು ಮಾಡಿದ್ದರು, ಅವರಿಗೆ ತೊಂದರೆ ಬೇಡ ಅಂತ ಹಾಗೇ ಬಿಟ್ಟರಂತೆ. ಆ ಹನ್ನೆರಡು ಜನರ ಸಲುವಾಗಿ ನಾವೆಲ್ಲ ಇವತ್ತಿಗೂ ಟ್ಯಾಬ್ ಒತ್ತುತ್ತಿದ್ದೇವೆ.

ಎರಡನೇ ಪೆಟ್ಟು ಲಿಂಕರ್‌ನಿಂದ. ಎಲ್‌ಸಿಡಿ ಇನಿಟ್ ಎರಡು ಕಡೆ ಇದೆ, ಯಾವುದನ್ನು ತಗೊಳ್ಳಲಿ ಅಂತ ಜಗಳ. ಸೋರ್ಸ್ ಫೋಲ್ಡರಿನಲ್ಲಿರುವ ಎಲ್ಲ ಸಿ ಫೈಲುಗಳನ್ನೂ ವೈಲ್ಡ್‌ಕಾರ್ಡ್ ಹಾಕಿ ಎತ್ತಿಕೊಂಡಿದ್ದೆ. ಅಲ್ಲಿ ಎಲ್‌ಸಿಡಿ ಓಲ್ಡ್ ಡಾಟ್ ಸಿ ಅಂತ ಒಂದು ಹಳೆಯ ಫೈಲ್ ಇತ್ತು. ಐಡಿಇಯಲ್ಲಿ ಅದರ ಮೇಲೆ ಯಾವತ್ತೋ ರೈಟ್ ಕ್ಲಿಕ್ ಮಾಡಿ ಬಿಲ್ಡ್‌ನಿಂದ ಹೊರಗಿಡು ಅಂತ ಟಿಕ್ ಹಾಕಿದ್ದೆ. ಆ ಟಿಕ್ ನನ್ನ ನೆನಪಿನಲ್ಲೂ ಇರಲಿಲ್ಲ. ವೈಲ್ಡ್‌ಕಾರ್ಡ್ ತೆಗೆದು ಫೈಲುಗಳ ಪಟ್ಟಿಯನ್ನು ಕೈಯಲ್ಲೇ ಬರೆದೆ. ಬೇಜಾರಿನ ಕೆಲಸ, ಆದರೆ ಮುಂದೆ ಇನ್ನೊಂದು ಕಾರಣಕ್ಕೂ ಇದೇ ಸರಿ ಅಂತ ಗೊತ್ತಾಯಿತು.

ಲಿಂಕ್ ಆಯಿತು. ಆಸೆ ತಡೆಯಲಾಗದೆ ಸೀದಾ ಬೋರ್ಡಿಗೆ ಹಾಕಿದೆ. ಎಲ್‌ಸಿಡಿಯ ಮೇಲಿನ ಸಾಲಿನಲ್ಲಿ 16 ಕಪ್ಪು ಚೌಕ. ಕೆಳಗಿನ ಸಾಲು ಖಾಲಿ.

ಎಚ್‌ಡಿ44780 ಚಿಪ್ ಇರುವ ಎಲ್‌ಸಿಡಿ ಬಳಸಿದವರಿಗೆ ಈ ಚೌಕಗಳು ಚೆನ್ನಾಗಿ ಗೊತ್ತು. ಕರೆಂಟ್ ಬಂದಿದೆ, ಆದರೆ ಇನಿಷಿಯಲೈಸ್ ಆಗಿಲ್ಲ ಅಂತ ಅರ್ಥ. ವೈರ್ ಅಲ್ಲಾಡಿಸಿ ನೋಡಿದೆ. ಐಡಿಇಯ ಹಳೆಯ ಬೈನರಿ ಹಾಕಿದೆ, ಅಕ್ಷರ ಬಂತು. ನನ್ನದು ಹಾಕಿದೆ, ಚೌಕ. ಅಂದರೆ ತಪ್ಪು ಬಿಲ್ಡ್‌ನಲ್ಲೇ.

ಇಲ್ಲಿ ನಾನು ನನಗೇ ಒಂದು ನಿಯಮ ಹಾಕಿಕೊಂಡೆ. ಐಡಿಇ ಕೊಡುವ ಬಿನ್ ಫೈಲೂ (ಚಿಪ್ಪಿಗೆ ಹೋಗುವ ಬರೀ ಬೈಟುಗಳು) ನನ್ನ ಮೇಕ್ ಕೊಡುವ ಬಿನ್ ಫೈಲೂ ಬೈಟ್ ಬೈಟ್ ಒಂದೇ ಆಗುವ ತನಕ ಬೋರ್ಡ್ ಮುಟ್ಟುವುದಿಲ್ಲ, ಏನನ್ನೂ ಸುಧಾರಿಸುವುದೂ ಇಲ್ಲ. ಬೋರ್ಡಿನಲ್ಲಿ ಕೆಲಸ ಮಾಡುತ್ತೆ ಅನ್ನುವುದು ಸಾಕ್ಷಿಯಲ್ಲ. ಸಿಎಂಪಿ ಕಮಾಂಡ್ ಎರಡು ಫೈಲ್ ಹೋಲಿಸಿ ಬಾಯಿ ಮುಚ್ಚಿಕೊಂಡರೆ ಮಾತ್ರ ಸಾಕ್ಷಿ. ಲಿಂಕರ್ ಕೊಡುವ ಇಎಲ್‌ಎಫ್ ಫೈಲ್ ಹೋಲಿಸಿ ಪ್ರಯೋಜನವಿಲ್ಲ, ಅದರೊಳಗೆ ಡಿಬಗ್ ಮಾಹಿತಿ, ಫೋಲ್ಡರ್ ದಾರಿ ಎಲ್ಲ ತುಂಬಿರುತ್ತದೆ. ಆಬ್ಜ್‌ಕಾಪಿ ಕಮಾಂಡ್ ಬಳಸಿ ಅದರೊಳಗಿಂದ ಬಿನ್ ತೆಗೆದು ಅದನ್ನು ಹೋಲಿಸಬೇಕು.

ಮೊದಲ ಹೋಲಿಕೆಯಲ್ಲಿ ಎರಡರ ಗಾತ್ರವೇ ಬೇರೆ ಬೇರೆ. ಕಾರಣ ಹುಡುಕಲು ಲಿಂಕರ್ ಬರೆಯುವ ಮ್ಯಾಪ್ ಫೈಲುಗಳನ್ನು ಅಕ್ಕಪಕ್ಕ ಇಟ್ಟೆ. ಯಾವ ಫಂಕ್ಷನ್ ಯಾವ ವಿಳಾಸದಲ್ಲಿ ಕೂತಿದೆ, ಎಷ್ಟು ಬೈಟ್ ಅಂತ ಅದರಲ್ಲಿರುತ್ತದೆ. ಮೊದಲ ನೋಟಕ್ಕೇ ಒಂದು ವಿಷಯ ಹೊಳೆಯಿತು. ನನ್ನದರಲ್ಲಿ ಹೆಚ್ಚುಕಮ್ಮಿ ಪ್ರತಿ ಫಂಕ್ಷನ್ನಿನ ಗಾತ್ರವೂ ಸ್ವಲ್ಪ ಸ್ವಲ್ಪ ಬೇರೆ. ಐಡಿಇ ತನ್ನ ಹೊಟ್ಟೆಯಲ್ಲೇ ಒಂದು ಕಂಪೈಲರ್ ಇಟ್ಟುಕೊಂಡಿತ್ತು, ಅದು 10.3. ನನ್ನ ಟರ್ಮಿನಲ್ ಕರೆಯುತ್ತಿದ್ದದ್ದು 13.2. ಜೊತೆಯವರ ಲ್ಯಾಪ್‌ಟಾಪಿನಲ್ಲಿ ಮತ್ತೊಂದು. ಸ್ಕ್ರಿಪ್ಟಿನ ಮೊದಲ ಕೆಲಸ ಹಾಗೇ ಹುಟ್ಟಿತು: ಜಿಸಿಸಿಗೆ ಡಂಪ್‌ವರ್ಷನ್ ಕೇಳು, 10.3.1 ಅಂತ ಬರದಿದ್ದರೆ ಅಲ್ಲೇ ನಿಲ್ಲು.

ಕಂಪೈಲರ್ ಒಂದೇ ಆದ ಮೇಲೆ ಮ್ಯಾಪಿನಲ್ಲಿ ಎರಡೇ ಕಡೆ ವ್ಯತ್ಯಾಸ ಉಳಿಯಿತು. ಒಂದು ಎಲ್‌ಸಿಡಿ ಡಾಟ್ ಓ, ಅಂದರೆ ಎಲ್‌ಸಿಡಿ ಡಾಟ್ ಸಿ ಕಂಪೈಲ್ ಆಗಿ ಬಂದ ಆಬ್ಜೆಕ್ಟ್ ಫೈಲ್. ಐಡಿಇಯದು ದಪ್ಪ, ನನ್ನದು ಸಣ್ಣ.

ಕನ್ಸೋಲ್‌ನಿಂದ ನಕಲು ಮಾಡಿದ ಟೆಕ್ಸ್ಟ್ ಫೈಲಿಗೆ ವಾಪಸ್ ಹೋದೆ. ನಾನು ಬಿಡಿಸಿ ನೋಡಿದ್ದು ಮೈನ್ ಡಾಟ್ ಸಿ ಸಾಲು ಮಾತ್ರ. ಉಳಿದದ್ದೂ ಹಾಗೇ ಇರುತ್ತದೆ ಅಂದುಕೊಂಡಿದ್ದೆ. ಎಲ್‌ಸಿಡಿ ಡಾಟ್ ಸಿ ಸಾಲಿನಲ್ಲಿ ಮೈನಸ್ ಓಎಸ್ ಇರಲಿಲ್ಲ, ಮೈನಸ್ ಓ ಸೊನ್ನೆ ಇತ್ತು. ಆ ಒಂದು ಫೈಲಿಗೆ ಮಾತ್ರ ಆಪ್ಟಿಮೈಸೇಶನ್ ಪೂರ್ತಿ ಬಂದ್. ಡಾಟ್ ಸಿಪ್ರಾಜೆಕ್ಟಿನಲ್ಲಿ ಫೈಲ್‌ಇನ್ಫೋ ಅಂತ ಹುಡುಕಿದೆ, ಒಂದೇ ಒಂದು ಸಿಕ್ಕಿತು, ಇದೇ. ಆ ಸಾಲು ಯಾರು ಬರೆದದ್ದು ಅಂತ ಗಿಟ್ ಬ್ಲೇಮ್ ಹಾಕಿದೆ. ಮೂರು ವರ್ಷದ ಹಿಂದಿನ ಕಮಿಟ್, ಸಂದೇಶ "ಎಲ್‌ಸಿಡಿ ಸರಿಯಾಯಿತು". ಬರೆದವನು ನಾನೇ.

ಯಾಕೆ ಹಾಗೆ ಮಾಡಿದ್ದೆ ಅನ್ನುವುದು ಎಲ್‌ಸಿಡಿ ಡಾಟ್ ಸಿ ತೆರೆದಾಗ ಗೊತ್ತಾಯಿತು. ಅದರ ಡಿಲೇ ಫಂಕ್ಷನ್ ಒಂದು ಖಾಲಿ ಫಾರ್ ಲೂಪ್. ಐ ಸೊನ್ನೆಯಿಂದ ಎಣಿಸು, ಒಳಗೆ ಏನೂ ಮಾಡಬೇಡ. ಇದನ್ನು ಕಿತ್ತು ಹಾಕಬೇಡ ಅಂತ ಕಂಪೈಲರ್‌ಗೆ ಹೇಳುವ ವೊಲಟೈಲ್ ಪದವನ್ನೂ ಬರೆದಿಲ್ಲ. ಕಂಪೈಲರ್‌ಗೆ ಇದು ಏನೂ ಮಾಡದ ಕೋಡ್. ಓಎಸ್ ಕೊಟ್ಟರೆ ಲೂಪನ್ನು ಪೂರ್ತಿ ಎತ್ತಿ ಬಿಸಾಡುತ್ತದೆ. ಆದರೆ ಈ ಎಲ್‌ಸಿಡಿ ಚಿಪ್‌ಗೆ ಉಸಿರಾಡಲು ಸಮಯ ಬೇಕು. ಬಹುತೇಕ ಕಮಾಂಡುಗಳಿಗೆ 37 ಮೈಕ್ರೋಸೆಕೆಂಡ್, ಕರ್ಸರನ್ನು ಮೊದಲಿಗೆ ತರುವ ಕಮಾಂಡಿಗೆ 1.52 ಮಿಲಿಸೆಕೆಂಡ್. ಡಿಲೇ ಇಲ್ಲದೆ ಒಂದರ ಮೇಲೊಂದು ಕಮಾಂಡ್ ಸುರಿದರೆ ಅದು ಕಪ್ಪು ಚೌಕ ತೋರಿಸಿಕೊಂಡು ಸುಮ್ಮನೆ ಕೂರುತ್ತದೆ. ಮೂರು ವರ್ಷದ ಹಿಂದೆ ನಾನು ಕೋಡ್ ಸರಿ ಮಾಡಿರಲಿಲ್ಲ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಆಪ್ಟಿಮೈಸೇಶನ್ ತೆಗೆದು ಮನೆಗೆ ಹೋಗಿದ್ದೆ. ಐಡಿಇಯಲ್ಲಿ ಆ ಫೈಲಿನ ಐಕಾನ್ ಮೇಲೆ ಒಂದು ಸಣ್ಣ ಗುರುತು ಇತ್ತು. ದಿನಾ ನೋಡುತ್ತಿದ್ದೆ, ಏನಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಕೈ ತುರಿಸಿತು. ಒಂದು ವೊಲಟೈಲ್ ಸೇರಿಸಿದರೆ ಮುಗಿಯಿತು, ಅಲ್ವಾ? ಆದರೆ ನಿಯಮ ನಿಯಮವೇ. ಮೇಕ್‌ಫೈಲಿನಲ್ಲಿ ಆ ಒಂದು ಆಬ್ಜೆಕ್ಟಿಗೆ ಮಾತ್ರ ಓ ಸೊನ್ನೆ ಅಂತ ಒಂದು ಸಾಲು ಬರೆದೆ. ಮೇಲೆ ಕಾಮೆಂಟ್ ಹಾಕಿದೆ: ಇದು ಯಾಕಿದೆ, ಯಾವಾಗ ತೆಗೆಯಬೇಕು. ಮೂರು ವರ್ಷ ಎಕ್ಸ್‌ಎಂಎಲ್ ಒಳಗೆ ಹೂತಿದ್ದ ವಿಷಯ ಎರಡು ಸಾಲಿನಲ್ಲಿ ಕಣ್ಣೆದುರಿಗೆ ಬಂತು.

ಎರಡನೇ ವ್ಯತ್ಯಾಸ ಪ್ರಿಂಟ್‌ಎಫ್, ಅಂದರೆ ಅಕ್ಷರ, ಸಂಖ್ಯೆ ಬರೆದು ಕಳಿಸುವ ಫಂಕ್ಷನ್. ಅದು ಬರುವ ಸಿ ಲೈಬ್ರರಿ ಎರಡೂ ಕಡೆ ಸಣ್ಣ ಗಾತ್ರದ ನ್ಯೂಲಿಬ್ ನ್ಯಾನೋನೇ. ಆದರೆ ನ್ಯಾನೋದಲ್ಲಿ ಜಾಗ ಉಳಿಸಲು ಪ್ರಿಂಟ್‌ಎಫ್‌ಗೆ ದಶಮಾಂಶ ಸಂಖ್ಯೆ ಬರೆಯುವ ಭಾಗವನ್ನು ಸೇರಿಸಿರುವುದಿಲ್ಲ. ಬೇಕು ಅಂದರೆ ಲಿಂಕರ್‌ಗೆ ಮೈನಸ್ ಯು, ಅಂಡರ್‌ಸ್ಕೋರ್ ಪ್ರಿಂಟ್‌ಎಫ್ ಅಂಡರ್‌ಸ್ಕೋರ್ ಫ್ಲೋಟ್ ಅಂತ ಹೇಳಬೇಕು. ಐಡಿಇಯಲ್ಲಿ ಅದು ಒಂದು ಟಿಕ್ ಬಾಕ್ಸ್. ಲಿಂಕ್ ಸಾಲು ನಕಲು ಮಾಡುವಾಗ ನಾನು ಇದನ್ನು ಬಿಟ್ಟಿದ್ದೆ. ಕಂಪೈಲರ್ ಬೈಯಲಿಲ್ಲ, ಲಿಂಕರ್ ಬೈಯಲಿಲ್ಲ. ಸೀರಿಯಲ್ ಪೋರ್ಟಿನಲ್ಲಿ "ಟೆಂಪ್ = ಸಿ" ಅಂತ ಬರುತ್ತದೆ, ನಡುವಿನ ಸಂಖ್ಯೆ ಮಾಯ. ಜೊತೆಯವರಿಗೆ ಖಾಲಿ ಬರುತ್ತಿದ್ದದ್ದೂ ಇದೇ. ಅವರು ಬಿಲ್ಡ್ ಮಾಡುತ್ತಿದ್ದದ್ದು ರಿಲೀಸ್ ಕಾನ್ಫಿಗರೇಶನ್, ನನ್ನದು ಡಿಬಗ್. ನಾನು ಟಿಕ್ ಹಾಕಿದ್ದು ಡಿಬಗ್‌ಗೆ ಮಾತ್ರ. ಅವರಿಗೆ ಹೇಳಿದಾಗ ನಕ್ಕರು. "ಒಂದು ಟಿಕ್ಕಿಗೆ ಎರಡು ದಿನ ಸೆನ್ಸರ್ ಬಿಚ್ಚಿ ಕೂತಿದ್ದೆ ಕಣ್ರೀ" ಅಂದರು.

ಈಗ ಗಾತ್ರ ಒಂದೇ ಆಯಿತು. ಒಳಗಿನ ಬೈಟ್ ಇನ್ನೂ ಸಾವಿರಾರು ಕಡೆ ಬೇರೆ. ಕಾರಣ ಫೈಲುಗಳ ಕ್ರಮ. ಲಿಂಕರ್‌ಗೆ ಆಬ್ಜೆಕ್ಟುಗಳನ್ನು ಯಾವ ಸಾಲಿನಲ್ಲಿ ಕೊಡುತ್ತೀರೋ ಫಂಕ್ಷನ್ನುಗಳೂ ಅದೇ ಸಾಲಿನಲ್ಲಿ ಕೂರುತ್ತವೆ. ಒಂದು ಅತ್ತಿತ್ತ ಆದರೆ ಅದರ ನಂತರದವುಗಳ ವಿಳಾಸವೆಲ್ಲ ಬದಲು. ಐಡಿಇ ತನ್ನ ಕ್ರಮವನ್ನು ಆಬ್ಜೆಕ್ಟ್ಸ್ ಡಾಟ್ ಲಿಸ್ಟ್ ಅನ್ನುವ ಫೈಲಿನಲ್ಲಿ ಬರೆದಿಡುತ್ತದೆ. ಅದೇ ಕ್ರಮದಲ್ಲಿ ನನ್ನ ಪಟ್ಟಿ ಜೋಡಿಸಿದೆ. ಕೈಯಲ್ಲಿ ಪಟ್ಟಿ ಬರೆದದ್ದು ಒಳ್ಳೆಯದಾಯಿತು ಅಂದದ್ದು ಇದಕ್ಕೇ. ಗ್ನೂ ಮೇಕ್ 3.82ರಿಂದ ವೈಲ್ಡ್‌ಕಾರ್ಡ್ ಫಲಿತಾಂಶವನ್ನು ಅಕ್ಷರ ಕ್ರಮದಲ್ಲಿ ಕೊಡುವುದನ್ನು ನಿಲ್ಲಿಸಿತ್ತು, 4.3ರಲ್ಲಿ ಮತ್ತೆ ಶುರು ಮಾಡಿತು. ನಡುವಿನ ಆವೃತ್ತಿ ಇರುವ ಯಂತ್ರದಲ್ಲಿ ಡಿಸ್ಕ್ ಕೊಟ್ಟ ಕ್ರಮವೇ ಗತಿ.

ಉಳಿದದ್ದು ಕೆಲವೇ ಬೈಟ್. ಸಿಎಂಪಿಗೆ ಮೈನಸ್ ಎಲ್ ಕೊಟ್ಟು ಎಲ್ಲೆಲ್ಲಿ ಅಂತ ನೋಡಿದೆ. ಒಂದು ಗುಂಪು ವರ್ಷನ್ ಸ್ಟ್ರಿಂಗ್‌ನಲ್ಲಿ. ಅಲ್ಲಿ ಕಂಪೈಲ್ ಆದ ಹೊತ್ತನ್ನು ತುಂಬುವ ಡೇಟ್ ಮತ್ತು ಟೈಮ್ ಮ್ಯಾಕ್ರೋ ಇತ್ತು. ಅಂದರೆ ಐಡಿಇಯಲ್ಲೇ ಎರಡು ಸಲ ಬಿಲ್ಡ್ ಮಾಡಿದರೂ ಬಿನ್ ಒಂದೇ ಆಗುವುದಿಲ್ಲ! ಜಿಸಿಸಿ 7ರಿಂದ ಇದಕ್ಕೆ ದಾರಿ ಇದೆ. ಸೋರ್ಸ್ ಡೇಟ್ ಈಪಾಕ್ ಅನ್ನುವ ಎನ್ವಿರಾನ್ಮೆಂಟ್ ವೇರಿಯೇಬಲ್‌ಗೆ ಒಂದು ಸಂಖ್ಯೆ ಕೊಟ್ಟರೆ ಮ್ಯಾಕ್ರೋಗಳು ಗಡಿಯಾರ ನೋಡದೆ ಆ ಹೊತ್ತನ್ನೇ ಬಳಸುತ್ತವೆ. ಟರ್ಮಿನಲ್‌ನಲ್ಲಿ ಅದನ್ನು ಎಕ್ಸ್‌ಪೋರ್ಟ್ ಮಾಡಿ, ಅದೇ ಟರ್ಮಿನಲ್‌ನಿಂದ ಐಡಿಇಯನ್ನೂ ಎಬ್ಬಿಸಿದೆ. ಎರಡಕ್ಕೂ ಗಡಿಯಾರ ನಿಂತಿತು.

ಇನ್ನೊಂದು ಗುಂಪು ತಪ್ಪಾದರೆ ಎಲ್ಲಿ ಅಂತ ಹೇಳುವ ನನ್ನ ಅಸರ್ಟ್ ಮ್ಯಾಕ್ರೋದ್ದು. ಅದು ಫೈಲಿನ ಹೆಸರನ್ನು ಬೈನರಿಯಲ್ಲಿ ಬರೆಯುತ್ತದೆ. ಐಡಿಇ ಡಿಬಗ್ ಫೋಲ್ಡರ್ ಒಳಗೆ ನಿಂತು ಕಂಪೈಲ್ ಮಾಡುವುದರಿಂದ ಪ್ರತಿ ಹೆಸರಿನ ಮುಂದೆ ಎರಡು ಚುಕ್ಕಿ, ಒಂದು ಗೀಟು. ನನ್ನದರಲ್ಲಿ ಅದಿಲ್ಲ. ಮೂರು ಅಕ್ಷರ ಕಡಿಮೆ. ಬೈಟುಗಳನ್ನು ನಾಲ್ಕರ ಲೆಕ್ಕಕ್ಕೆ ತುಂಬಿಸುವುದರಿಂದ ಒಟ್ಟು ಗಾತ್ರದಲ್ಲಿ ಇದು ಕಾಣಿಸಿರಲಿಲ್ಲ. ಎಫ್‌ಮ್ಯಾಕ್ರೋ ಪ್ರಿಫಿಕ್ಸ್ ಮ್ಯಾಪ್ ಫ್ಲ್ಯಾಗಿನಿಂದ ಆ ಮೂರು ಅಕ್ಷರ ಮುಂದೆ ಅಂಟಿಸಿದೆ.

ಮತ್ತೆ ಸಿಎಂಪಿ. ಎಂಟರ್ ಒತ್ತಿದೆ. ಕೆಳಗಿನ ಸಾಲಿನಲ್ಲಿ ಮತ್ತೆ ಖಾಲಿ ಪ್ರಾಂಪ್ಟ್, ಅಷ್ಟೇ. ತಪ್ಪು ಫೈಲ್ ಹೋಲಿಸಿದೆನೋ ಅಂತ ಅನುಮಾನ ಬಂದು ಫೈಲಿನ ಬೆರಳಚ್ಚಿನಂಥ ಎಸ್‌ಎಚ್‌ಎ256 ಕೂಡ ತೆಗೆದು ನೋಡಿದೆ. ಎರಡೂ ಒಂದೇ. ಇದು ನಾಲ್ಕನೇ ದಿನ, ರಾತ್ರಿ.

ಆ ಸ್ಥಿತಿಯನ್ನು ಕಮಿಟ್ ಮಾಡಿ ಟ್ಯಾಗ್ ಹಾಕಿದ ಮೇಲೆ ಸುಧಾರಣೆಗೆ ಕೈ ಹಾಕಿದೆ. ಎಲ್‌ಸಿಡಿ ಡಿಲೇಗೆ ಚಿಪ್ಪಿನೊಳಗಿನ ಡಿಡಬ್ಲ್ಯೂಟಿ ಸೈಕಲ್ ಕೌಂಟರ್ ಬಳಸಿದೆ. 168 ಮೆಗಾಹರ್ಟ್ಸ್‌ನಲ್ಲಿ 37 ಮೈಕ್ರೋಸೆಕೆಂಡ್ ಅಂದರೆ 6216 ಸೈಕಲ್. ಓ ಸೊನ್ನೆಯ ಸಾಲು ಹೋಯಿತು. ವರ್ಷನ್ ಸ್ಟ್ರಿಂಗ್‌ನಿಂದ ದಿನಾಂಕ ತೆಗೆದು ಗಿಟ್ ಡಿಸ್ಕ್ರೈಬ್ ಕೊಡುವ ಹೆಸರು ಹಾಕಿದೆ. ಪ್ರಿಫಿಕ್ಸ್ ಮ್ಯಾಪ್ ಕೂಡ ಹೋಯಿತು.

ಆಮೇಲೆ ಸ್ವಲ್ಪ ಜಾಸ್ತಿಯೇ ಹುರುಪು ಬಂತು. ಡ್ರೈವರ್ ಫೈಲುಗಳು, ಇಂಟರಪ್ಟ್ ಫೈಲು ಎಲ್ಲ ಸೇರಿಸಿ ಒಂದು ಸ್ಟ್ಯಾಟಿಕ್ ಲೈಬ್ರರಿ (ಆಬ್ಜೆಕ್ಟುಗಳ ಕಟ್ಟು) ಮಾಡಿದೆ, ಮೇಕ್‌ಫೈಲ್ ಚೊಕ್ಕವಾಗಿರಲಿ ಅಂತ. ಲಿಂಕ್ ಆಯಿತು, ಎಚ್ಚರಿಕೆ ಒಂದೂ ಇಲ್ಲ. ಬೋರ್ಡ್ ಸತ್ತಂತೆ ಕೂತಿತು. ಎಲ್‌ಇಡಿ ಕೂಡ ಮಿನುಗಲಿಲ್ಲ. ಡಿಬಗರ್ ಜಿಡಿಬಿ ಹಾಕಿ ನಿಲ್ಲಿಸಿದರೆ ಡಿಫಾಲ್ಟ್ ಹ್ಯಾಂಡ್ಲರ್ ಒಳಗೆ ಗಿರಗಿರ ಸುತ್ತುತ್ತಿದೆ.

ಆಗಿದ್ದು ಇಷ್ಟು. ಸ್ಟಾರ್ಟಪ್ ಫೈಲಿನಲ್ಲಿ ಪ್ರತಿ ಇಂಟರಪ್ಟ್ ಹ್ಯಾಂಡ್ಲರಿಗೂ (ಹಾರ್ಡ್‌ವೇರ್ ಕರೆದಾಗ ಓಡುವ ಫಂಕ್ಷನ್ನಿಗೂ) ಒಂದು ವೀಕ್, ಅಂದರೆ ಇನ್ನೊಂದಕ್ಕೆ ಜಾಗ ಬಿಡುವ, ಪ್ರತಿ ಇರುತ್ತದೆ. ನೀವು ನಿಮ್ಮದನ್ನು ಬರೆದರೆ ಅದು ಗೆಲ್ಲುತ್ತದೆ. ಇಲ್ಲದಿದ್ದರೆ ಎಲ್ಲವೂ ಡಿಫಾಲ್ಟ್ ಹ್ಯಾಂಡ್ಲರಿಗೆ, ಅಂದರೆ ಮುಗಿಯದ ಲೂಪಿಗೆ. ಬಿಡಿ ಆಬ್ಜೆಕ್ಟ್ ಕೊಟ್ಟರೆ ಲಿಂಕರ್ ಅದನ್ನು ತಪ್ಪದೆ ಸೇರಿಸುತ್ತದೆ. ಲೈಬ್ರರಿಯಾದರೆ ಹಾಗಲ್ಲ, ಯಾವುದಾದರೂ ಹೆಸರು ಸಿಗದೆ ಬಾಕಿ ಉಳಿದಿದ್ದರೆ ಮಾತ್ರ ಒಳಗೆ ಹುಡುಕಿ ಬೇಕಾದ ಆಬ್ಜೆಕ್ಟನ್ನು ಎತ್ತಿಕೊಳ್ಳುತ್ತದೆ. ಸಮಯ ಎಣಿಸುವ ಸಿಸ್‌ಟಿಕ್ ಹ್ಯಾಂಡ್ಲರಿನ ವೀಕ್ ಪ್ರತಿ ಆಗಲೇ ಸಿಕ್ಕಿದೆ, ಬಾಕಿ ಇಲ್ಲ. ನನ್ನ ಇಂಟರಪ್ಟ್ ಫೈಲಿನಲ್ಲಿ ಹ್ಯಾಂಡ್ಲರುಗಳು ಬಿಟ್ಟರೆ ಬೇರೇನೂ ಇರಲಿಲ್ಲ. ಹಾಗಾಗಿ ಅದನ್ನು ಯಾರೂ ಕರೆಯಲೇ ಇಲ್ಲ. ಹೋಲ್ ಆರ್ಕೈವ್ ಫ್ಲ್ಯಾಗ್ ಹಾಕಿ ಬಲವಂತ ಮಾಡಬಹುದಿತ್ತು. ನಾನು ಲೈಬ್ರರಿಯನ್ನೇ ಕಿತ್ತು ಹಾಕಿದೆ. ಮೂವತ್ತು ಫೈಲಿಗೆ ಲೈಬ್ರರಿ ಯಾಕೆ ಬೇಕಿತ್ತೋ ನನಗೇ ಗೊತ್ತಿಲ್ಲ.

ಸಣ್ಣಪುಟ್ಟ ಎರಡು ತಪ್ಪು ಹೇಳಿ ಬಿಡುತ್ತೇನೆ. ಒಂದು, ಹೆಡರ್ ಬದಲಾಯಿಸಿದರೂ ಬೋರ್ಡಿನಲ್ಲಿ ಹಳೆಯ ಬೆಲೆಯೇ ಬರುತ್ತಿತ್ತು. ಮೈನಸ್ ಎಂಎಂಡಿ ಫ್ಲ್ಯಾಗಿನಿಂದ ಜಿಸಿಸಿ ಪ್ರತಿ ಆಬ್ಜೆಕ್ಟಿಗೂ ಒಂದು ಡಾಟ್ ಡಿ ಫೈಲ್ ಬರೆಯುತ್ತಿತ್ತು, ಯಾವ ಹೆಡರ್ ಬೇಕು ಅಂತ. ಆದರೆ ಅವನ್ನು ಇನ್‌ಕ್ಲೂಡ್ ಮಾಡುವ ಸಾಲನ್ನು ಮೇಕ್‌ಫೈಲಿನ ಕೊನೆಗೆ ಹಾಕಿರಲಿಲ್ಲ. ಬರೆದಿಟ್ಟ ಪತ್ರ, ಓದುವವರಿಲ್ಲ. ಎರಡು, ಬಿಲ್ಡ್ ಸ್ಕ್ರಿಪ್ಟಿನಲ್ಲಿ ಮೇಕ್‌ನ ಔಟ್‌ಪುಟ್ಟನ್ನು ಪೈಪ್ ಮಾಡಿ ಟೀ ಕಮಾಂಡಿಗೆ ಕೊಟ್ಟಿದ್ದೆ, ಲಾಗ್ ಉಳಿಯಲಿ ಅಂತ. ಕಂಪೈಲ್ ಸೋತರೂ ಟೀ ಗೆದ್ದಿತು, ಶೆಲ್ ನೋಡುವುದು ಕೊನೆಯದನ್ನು ಮಾತ್ರ. ಸ್ಕ್ರಿಪ್ಟ್ ಖುಷಿಯಿಂದ ಮುಂದೆ ಹೋಗಿ ಓಪನ್‌ಓಸಿಡಿಯಿಂದ ನಿನ್ನೆಯ ಇಎಲ್‌ಎಫ್ ಅನ್ನೇ ಬೋರ್ಡಿಗೆ ಬರೆಯಿತು. ಬ್ಯಾಶ್ ಸ್ಕ್ರಿಪ್ಟಿನ ಮೇಲೆ ಪೈಪ್‌ಫೇಲ್ (ಪೈಪಿನಲ್ಲಿ ಯಾವುದು ಸೋತರೂ ಸೋಲು) ಹಾಕದಿದ್ದರೆ ಬರೀ ಮೈನಸ್ ಇ (ಕಮಾಂಡ್ ಸೋತರೆ ನಿಲ್ಲು) ಹಾಕಿ ನೆಮ್ಮದಿಯಾಗಿ ಇರಬೇಡಿ.

ಈಗ ಒಟ್ಟು ಮೂರು ಫೈಲ್. ತೊಂಬತ್ತು ಸಾಲಿನ ಮೇಕ್‌ಫೈಲ್, ಕಂಪೈಲರ್ ಆವೃತ್ತಿ ನೋಡಿ ಮೇಕ್ ಕರೆದು ಗಾತ್ರ ತೋರಿಸುವ ಬಿಲ್ಡ್ ಸ್ಕ್ರಿಪ್ಟ್, ಬೋರ್ಡಿಗೆ ಬರೆಯುವ ಸ್ಕ್ರಿಪ್ಟ್. ಡಿಬಗ್ ಮಾಡಲು ಈಗಲೂ ಐಡಿಇಯನ್ನೇ ತೆರೆಯುತ್ತೇನೆ. ರಿಜಿಸ್ಟರುಗಳನ್ನು ಕಣ್ಣಲ್ಲಿ ನೋಡಲು ಅದರಷ್ಟು ಹಿತ ಟರ್ಮಿನಲ್‌ನಲ್ಲಿ ಇಲ್ಲ, ನನಗಂತೂ. ಅದಕ್ಕೆ ಸಿದ್ಧವಾದ ಇಎಲ್‌ಎಫ್ ಕೊಡುತ್ತೇನೆ, ಬಿಲ್ಡ್ ಮಾಡಲು ಬಿಡುವುದಿಲ್ಲ.

ಪಿನ್ ಜೋಡಿಸುವ ಕೋಡ್ ಜನರೇಟರ್ ಮಾತ್ರ ಇನ್ನೂ ಗ್ರಾಫಿಕಲ್. ಹೊಸ ಪೆರಿಫೆರಲ್ ಸೇರಿಸಿದರೆ ಅದು ಹೊಸ ಸಿ ಫೈಲ್ ಹುಟ್ಟಿಸುತ್ತದೆ, ನನ್ನ ಪಟ್ಟಿಗೆ ಅದು ಗೊತ್ತಾಗುವುದಿಲ್ಲ. ಅದಕ್ಕೆ ಬಿಲ್ಡ್ ಸ್ಕ್ರಿಪ್ಟಿನಲ್ಲಿ ನಾಲ್ಕು ಸಾಲು ಸೇರಿಸಿದೆ. ಫೈಂಡ್ ಕೊಟ್ಟ ಸಿ ಫೈಲುಗಳನ್ನೂ ಮೇಕ್‌ಫೈಲಿನ ಪಟ್ಟಿಯನ್ನೂ ಸಾರ್ಟ್ ಮಾಡಿ ಡಿಫ್ ಹಾಕುತ್ತದೆ, ವ್ಯತ್ಯಾಸ ಇದ್ದರೆ ಹೆಸರು ಹೇಳುತ್ತದೆ. ಮೊದಲ ದಿನದಿಂದಲೇ ಒಂದು ಹೆಸರು ಹೇಳುತ್ತಲೇ ಇತ್ತು: ಎಲ್‌ಸಿಡಿ ಓಲ್ಡ್ ಡಾಟ್ ಸಿ. ಒಂದು ವಾರ ನೋಡಿಯೂ ನೋಡದ ಹಾಗೆ ಇದ್ದೆ. ಹೊರಗಿಡುವವುಗಳ ಪಟ್ಟಿ ಅಂತ ಇನ್ನೊಂದು ಮಾಡೋಣ ಅಂತಲೂ ಯೋಚಿಸಿದೆ. ನಿನ್ನೆ ಗಿಟ್ ಆರ್‌ಎಂ ಹೊಡೆದು ಆ ಫೈಲನ್ನೇ ಅಳಿಸಿದೆ.